ಕುಂಕುಮ ಇಡುವ ಮುನ್ನ

ಮಹಾನವಮಿಯ ಆಯುಧಪೂಜೆಗೆ ಒಂದು ಕ್ರಮವಿದೆ: ಮೊದಲು ತೊಳೆಯುವುದು, ಆಮೇಲೆ ಪೂಜಿಸುವುದು. ಮಚ್ಚು ಕುಡುಗೋಲುಗಳನ್ನು ಮಸೆಯುತ್ತಾರೆ, ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಡುತ್ತಾರೆ, ಈಳಿಗೆಮಣೆಯ ತುಕ್ಕು ಉಜ್ಜುತ್ತಾರೆ, ಗಾಡಿಗಳನ್ನು ಸೋಪಿನ ನೀರಿನಲ್ಲಿ ತೊಳೆಯುತ್ತಾರೆ. ಗಂಧ, ಅರಿಶಿನ ಕುಂಕುಮ, ಸೇವಂತಿಗೆ, ಬೂದುಗುಂಬಳಕಾಯಿ ಎಲ್ಲವೂ ಅದಾದ ಮೇಲೆ. ಬೆಂಗಳೂರಿನಲ್ಲಿ ಬನ್ನೇರುಘಟ್ಟ ರಸ್ತೆಗೂ ಕನಕಪುರ ರಸ್ತೆಗೂ ನಡುವೆ ಬಿಡಿಎ ಮಾಡಿದ ಅಂಜನಾಪುರ ಬಡಾವಣೆಯಲ್ಲೂ ಹಬ್ಬದ ಕ್ರಮ ಇದೇ. ಆದರೆ ಇಂಥ ಬಡಾವಣೆಯ ಎಷ್ಟೋ ಮನೆಗಳಿಗೆ ಇವತ್ತು ಅನ್ನ ಕೊಡುತ್ತಿರುವ ಆಯುಧ ಮಚ್ಚೂ ಅಲ್ಲ, ಮೆಷಿನ್ನೂ ಅಲ್ಲ. ಸಾಫ್ಟ್‌ವೇರ್ ನೌಕರರಿಗೆ ಅದು ಲ್ಯಾಪ್‌ಟಾಪ್. ಕ್ಯಾಬ್ ಓಡಿಸುವವರಿಗೆ, ಊಟದ ಪೊಟ್ಟಣ ತಲುಪಿಸುವವರಿಗೆ, ಕ್ಯೂಆರ್ ಕೋಡ್ ನೇತುಹಾಕಿಕೊಂಡ ತರಕಾರಿ ಗಾಡಿಯವರಿಗೆ ಅದು ಫೋನು. ಪೂಜೆಯ ಸಾಲಿನಲ್ಲಿ ಲ್ಯಾಪ್‌ಟಾಪಿಗೂ ಜಾಗ ಸಿಗುತ್ತದೆ, ಮುಚ್ಚಳದ ಮೇಲೊಂದು ಬೊಟ್ಟು ಬೀಳುತ್ತದೆ. ಫೋನಿಗೆ ಅಷ್ಟು ಹೊತ್ತಿನ ಬಿಡುವೂ ಇಲ್ಲ, ಪೂಜೆಯ ಫೋಟೊ ತೆಗೆಯಬೇಕಾದದ್ದು ಅದೇ. ತೊಳೆದು ಮಸೆದು ಎಣ್ಣೆ ಬಿಡುವ ಪೂರ್ವಾರ್ಧ ಮಾತ್ರ ಈ ಎರಡಕ್ಕೂ ನಡೆಯುವುದಿಲ್ಲ.

ಕಾಲ ಬದಲಾದಾಗ ಆಚರಣೆಯಲ್ಲಿ ಆಗುವ ಸಣ್ಣ ಲೋಪ ಎಂದು ಇದನ್ನು ಬಿಟ್ಟುಬಿಡಬಹುದು. ನನಗೆ ಹಾಗೆ ಬಿಡಲು ಮನಸ್ಸಾಗದು, ಏಕೆಂದರೆ ಇದರ ಹಿಂದೆ ಒಂದು ಧಾರ್ಮಿಕ ಪ್ರಶ್ನೆಯೇ ಇದೆ. ನಾವು ಅರಿಯದ್ದನ್ನು, ನಮ್ಮ ಕೈಯಿಂದ ಎಂದೂ ನೋಡಿಕೊಳ್ಳದ್ದನ್ನು ಪೂಜಿಸಬಹುದೆ? ದೇವರ ವಿಷಯದಲ್ಲಾದರೆ ಪೂಜಿಸಬಹುದು ಎನ್ನುವವರೇ ಹೆಚ್ಚು; ಅರಿವಿಗೆ ಮೀರಿದ್ದೆಂದೇ ಅಲ್ಲಿ ಕೈಮುಗಿಯುವುದು. ಉಪಕರಣದ ಮಾತು ಬೇರೆ. ಅದನ್ನು ಮಾಡಿದವನು ಮನುಷ್ಯ, ಅದರ ಒಳಗುಟ್ಟು ಇನ್ನೊಬ್ಬ ಮನುಷ್ಯನಿಗೆ ಗೊತ್ತಿರುವಂಥದ್ದು. ದೇವರ ಮುಂದೆ ಭಕ್ತಿ ಎನಿಸಿಕೊಳ್ಳುವ ಅರಿಯದವನ ವಿನಯ ಉಪಕರಣದ ಮುಂದೆ ಬಂದಾಗ ಪರಾಧೀನತೆಯಾಗುತ್ತದೆ. ಆದ್ದರಿಂದ ನನ್ನ ವಾದ ಇಷ್ಟು: ಉಪಕರಣವನ್ನು ಗೌರವಿಸುವವನು ಅದರ ದಿನನಿತ್ಯದ ಹೊಣೆಯನ್ನೂ ಹೊರಬೇಕು. ಕಂಪ್ಯೂಟರ್ ಮತ್ತು ಫೋನುಗಳಿಗೆ ಮನೆಯಲ್ಲೇ ಮಾಡಿಕೊಳ್ಳಬಹುದಾದ ಸಣ್ಣಪುಟ್ಟ ಕೆಲಸಗಳನ್ನು ನಾವು ಹವ್ಯಾಸವೆಂದೋ ಕಾಸು ಉಳಿಸುವ ಉಪಾಯವೆಂದೋ ಎಣಿಸಿದ್ದೇವೆ. ಅವು ಆ ಹೊಣೆಯನ್ನು ನಿಭಾಯಿಸುವ ರೀತಿ. ಆಯುಧಪೂಜೆಯ ಅರ್ಧ ಅಲ್ಲಿದೆ.

ಕೆಲಸ ಮತ್ತು ಪೂಜೆಗಳ ಸಂಬಂಧವನ್ನು ಕನ್ನಡ ನಾಡಿನಲ್ಲಿ ತಳಮಟ್ಟದಿಂದ ಯೋಚಿಸಿದವರು ಹನ್ನೆರಡನೆಯ ಶತಮಾನದ ಶರಣರು. ನುಲಿಯ ಚಂದಯ್ಯ ಹುಲ್ಲು ಕೊಯ್ದು ಹಗ್ಗ ಹೊಸೆಯುತ್ತಿದ್ದವರು. ಹುಲ್ಲು ಕೊಯ್ಯುವಾಗ ಅವರ ಇಷ್ಟಲಿಂಗ ಜಾರಿ ಬಿತ್ತು, ಅದನ್ನು ಎತ್ತಿಕೊಳ್ಳಲು ಅವರು ಕೆಲಸ ನಿಲ್ಲಿಸಲಿಲ್ಲ ಎಂಬ ಕಥೆಯಿದೆ. ಲಿಂಗಕ್ಕೆ ಮರ್ಯಾದೆ ಇಲ್ಲ ಎಂಬುದು ಆ ಕಥೆಯ ತಾತ್ಪರ್ಯವಲ್ಲ. ಕೈಯಲ್ಲಿರುವ ಕೆಲಸಕ್ಕೆ ಮೈಯೊಡ್ಡದ ಭಕ್ತಿಗೆ ಲಿಂಗವೂ ನೆರವಾಗದು ಎಂಬುದು ಅದರ ಸಾರ. ಇದೇ ಅಳತೆಗೋಲನ್ನು ಆಯುಧಪೂಜೆಗೆ ಹಿಡಿದರೆ ಕುಂಕುಮದ ಬೊಟ್ಟಿಗಿಂತ ಮೊದಲು ಬರುವ ಮಸೆತವೇ ಪೂಜೆಯ ತಿರುಳು ಎಂದಾಗುತ್ತದೆ. ಕುಡುಗೋಲಿನ ಬಾಯಿ ಎಲ್ಲಿ ಮೊಂಡಾಗಿದೆ, ಹಿಡಿ ಎಲ್ಲಿ ಸಡಿಲವಾಗಿದೆ ಎಂದು ಬೆರಳಿನಿಂದ ನೋಡಿ ತಿಳಿಯುವ ದಿನ ಅದು. ವರ್ಷವಿಡೀ ಬಳಸಿದ ವಸ್ತುವನ್ನು ಒಂದು ದಿನ ಬಳಸದೆ ಸುಮ್ಮನೆ ನೋಡುವ ಅವಕಾಶ. ಫೋನಿನ ಮಟ್ಟಿಗೆ ನಾವು ಕಳೆದುಕೊಂಡಿರುವುದು ಈ ನೋಟವನ್ನೇ. ದಿನಕ್ಕೆ ನೂರು ಸಲ ಅದರೊಳಗೆ ಇಣುಕುತ್ತೇವೆ, ಅದನ್ನು ನೋಡುವುದಿಲ್ಲ.

ಹಾಗಾದರೆ ಆ ಸಣ್ಣಪುಟ್ಟ ಕೆಲಸಗಳು ಯಾವುವು? ಎಂಜಿನಿಯರ್ ಆಗದೆ ಮಾಡಬಹುದಾದವನ್ನೇ ಹೇಳುತ್ತೇನೆ. ಹತ್ತು ವರ್ಷದ ಹಳೆಯ ಲ್ಯಾಪ್‌ಟಾಪ್ ತೆವಳುತ್ತಿದ್ದರೆ ಬಹಳ ಸಲ ಅದಕ್ಕೆ ಕಾರಣ ಅದರ ಮಿದುಳಲ್ಲ, ಒಳಗೆ ತಟ್ಟೆ ತಿರುಗಿಸುತ್ತ ಕೂತ ಹಾರ್ಡ್ ಡಿಸ್ಕು. ಅನೇಕ ಹಳೆಯ ಮಾದರಿಗಳಲ್ಲಿ ಹಿಂಬದಿಯ ಸ್ಕ್ರೂ ಬಿಚ್ಚಿ ಅದನ್ನು ತೆಗೆದು, ಎಸ್.ಪಿ. ರಸ್ತೆಯ ಯಾವ ಅಂಗಡಿಯಲ್ಲೂ ಸಿಗುವ, ತಿರುಗುವ ತಟ್ಟೆಯಿಲ್ಲದ ವೇಗದ ಎಸ್‌ಎಸ್‌ಡಿಯನ್ನು ಅದೇ ಗೂಡಿಗೆ ಜಾರಿಸಬಹುದು; ಅದಕ್ಕೆ ಮೊದಲು ಕಡತಗಳನ್ನೆಲ್ಲ ಬೇರೆಡೆಗೆ ನಕಲು ಮಾಡಿಟ್ಟುಕೊಂಡಿರಬೇಕು. ವಿಂಡೋಸಿನ ಬದಲು ಲಿನಕ್ಸ್ ಬಳಸಿ ನೋಡಬೇಕೆಂದರೆ ಕಂಪ್ಯೂಟರಿನಲ್ಲಿ ಇರುವುದನ್ನು ಅಳಿಸಬೇಕಾಗಿಲ್ಲ, ಪೆನ್‌ಡ್ರೈವಿನಿಂದಲೇ ಅದನ್ನು ಶುರುಮಾಡಿ ಕೆಲ ಹೊತ್ತು ನಡೆಸಿ ನೋಡಬಹುದು. ಚಾರ್ಜರ್ ಸರಿಯಾಗಿ ಕೂರದ ಫೋನಿನ ತೂತಿನಲ್ಲಿ ಹಲವು ಬಾರಿ ಸೇರಿಕೊಂಡಿರುವುದು ಜೇಬಿನ ನೂಲಿನ ಧೂಳು; ಫೋನು ಆರಿಸಿ, ಮರದ ಹಲ್ಲುಕಡ್ಡಿಯಿಂದ ಹಗುರವಾಗಿ ಕೆದಕಿದರೆ ಅದು ಬರುತ್ತದೆ. ಯಾವ ಆ್ಯಪಿಗೆ ಮೈಕು, ಕ್ಯಾಮೆರಾ, ಸಂಪರ್ಕಪಟ್ಟಿಯ ಅನುಮತಿ ಕೊಟ್ಟಿದ್ದೇವೆ ಎಂದು ಸೆಟ್ಟಿಂಗ್ಸಿನಲ್ಲಿ ನೋಡಿ ಬೇಡದ್ದನ್ನು ಕಿತ್ತುಹಾಕುವುದು, ವೈಫೈ ಪೆಟ್ಟಿಗೆಗೆ ಕಂಪನಿ ಕೊಟ್ಟ ಪಾಸ್‌ವರ್ಡನ್ನು ಬದಲಿಸುವುದು, ಮುಖ್ಯ ಫೋಟೊ ದಾಖಲೆಗಳ ಮೂರು ಪ್ರತಿಗಳನ್ನು ಎರಡು ಬಗೆಯ ಸಾಧನಗಳಲ್ಲಿಟ್ಟು ಒಂದನ್ನು ಮನೆಯ ಹೊರಗಿಡುವುದು, ಹಳೆಯ ಫೋನನ್ನು ಅಡುಗೆಮನೆಯ ರೇಡಿಯೊ ಅಥವಾ ಬಾಗಿಲ ಕ್ಯಾಮೆರಾ ಮಾಡುವುದು, ಅಜ್ಜಿಯ ಫೋನಿಗೆ ಕನ್ನಡದ ಕೀಲಿಮಣೆ ಹಾಕಿಕೊಡುವುದು ಎಲ್ಲವೂ ಈ ಪಟ್ಟಿಗೆ ಸೇರಿದವು. ಇವುಗಳಲ್ಲಿ ಹೆಚ್ಚಿನವಕ್ಕೆ ಸ್ಕ್ರೂಡ್ರೈವರೂ ಬೇಡ.

ಈ ಕೆಲಸಗಳ ಲಾಭ ಉಳಿದ ಹಣದಲ್ಲಿದೆ ಎಂದುಕೊಂಡರೆ ಲೆಕ್ಕ ಅರ್ಧಕ್ಕೆ ನಿಲ್ಲುತ್ತದೆ. ನಿಜವಾದ ಲಾಭ ವಿವೇಚನೆಯದು. ಒಂದು ನಿದರ್ಶನ ಕೊಡುತ್ತೇನೆ. ಬ್ಯಾಟರಿ ಹಳತಾದ ಕೆಲವು ಐಫೋನುಗಳ ವೇಗವನ್ನು ತನ್ನ ತಂತ್ರಾಂಶವೇ ತಗ್ಗಿಸುತ್ತಿದೆ ಎಂದು ಆಪಲ್ ಕಂಪನಿ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಫೋನು ಇದ್ದಕ್ಕಿದ್ದಂತೆ ಆರಿಹೋಗದಿರಲಿ ಎಂದು ಹಾಗೆ ಮಾಡಿದ್ದೆಂದು ಸಮಜಾಯಿಷಿ ಕೊಟ್ಟು, ಬ್ಯಾಟರಿ ಬದಲಿಸುವ ಬೆಲೆಯನ್ನು ಇಳಿಸಿತು. ಅಷ್ಟರವರೆಗೆ ಎಷ್ಟೋ ಮಂದಿ ಮುದಿಯಾದದ್ದು ಫೋನೇ ಎಂದು ನಂಬಿ ಹೊಸದನ್ನು ಕೊಂಡಿರಬೇಕು. ಲಿಥಿಯಂ ಬ್ಯಾಟರಿ ಸವೆಯುವ ವಸ್ತು, ಹಲವು ಫೋನುಗಳ ಬ್ಯಾಟರಿಯನ್ನು 500 ಪೂರ್ಣ ಚಾರ್ಜುಗಳ ನಂತರ ಮೂಲ ಶಕ್ತಿಯ ಶೇ 80ರಷ್ಟು ಉಳಿಯುವಂತೆ ರೂಪಿಸಿರುತ್ತಾರೆ ಎಂಬ ಒಂದು ತಿಳಿವಳಿಕೆ ಇದ್ದವನಿಗೆ ಈ ಮೋಸ ತಟ್ಟುತ್ತಿರಲಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ತನ್ನ ಮಾಮೂಲಿ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿದಾಗಲೂ ಆದದ್ದು ಇದೇ. ಸುಮಾರು 2018ಕ್ಕಿಂತ ಹಿಂದಿನ ಬಹಳಷ್ಟು ಕಂಪ್ಯೂಟರುಗಳು ವಿಂಡೋಸ್ 11 ಕೇಳುವ ಅರ್ಹತೆ ಮುಟ್ಟುವುದಿಲ್ಲ. ಯಂತ್ರ ಗಟ್ಟಿಮುಟ್ಟಾಗಿಯೇ ಇದೆ, ಹಳತಾದದ್ದು ಒಂದು ಕಂಪನಿಯ ಒಪ್ಪಂದ ಮಾತ್ರ. ಎರಡನ್ನೂ ಬೇರೆ ಮಾಡಿ ನೋಡಬಲ್ಲವನಿಗೆ ಆಯ್ಕೆಯಿದೆ, ನೋಡಲಾರದವನ ಪಾಲಿಗೆ ಇರುವುದು ಅಂಗಡಿಯವನ ಮಾತೊಂದೇ.

ಇದು ಅವರವರ ಸ್ವಂತ ವಿಷಯವಾಗಿದ್ದರೆ ಧರ್ಮದ ಮಾತು ಎತ್ತಬೇಕಾಗಿರಲಿಲ್ಲ. ನಷ್ಟ ನಮ್ಮದೇ, ಅನುಭವಿಸೋಣ ಎನ್ನಬಹುದಿತ್ತು. ಆದರೆ ಫೋನಿನಲ್ಲಿ ಇರುವುದು ನಮ್ಮೊಬ್ಬರ ಗುಟ್ಟಲ್ಲ. ಬಂಧುಗಳ ನಂಬರು, ಗೆಳತಿಯ ಕಷ್ಟಸುಖದ ಮಾತು, ಮಕ್ಕಳ ಫೋಟೊ, ಕಚೇರಿಯ ಕಾಗದ ಎಲ್ಲವೂ ನಂಬಿಕೆಯಿಂದ ಅಲ್ಲಿ ಬಂದು ಕೂತಿವೆ. ಬ್ಯಾಂಕಿನ ಕೆವೈಸಿ ಎಂದು ಹೇಳಿಕೊಂಡು ಕರೆಮಾಡಿ ಪರದೆ ಹಂಚುವ ಆ್ಯಪ್ ಹಾಕಿಸುವವರು, ಪೊಲೀಸರ ವೇಷದಲ್ಲಿ ವಿಡಿಯೊ ಕರೆ ಮಾಡಿ 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸುವವರು ಬದುಕುತ್ತಿರುವುದೇ ಬಳಸುವವರ ಅಂಜಿಕೆಯ ಮೇಲೆ; 2024ರ ಅಕ್ಟೋಬರ್ 27ರ ತಮ್ಮ ರೇಡಿಯೊ ಭಾಷಣದಲ್ಲಿ ಪ್ರಧಾನಿಯೇ ಈ ವಂಚನೆಯ ಬಗ್ಗೆ ಎಚ್ಚರಿಸಬೇಕಾಯಿತು. ಅರಿಯದ ವಸ್ತುವಿನ ಮೇಲಿನ ಗೌರವ ಭಯಕ್ಕೆ ತಿರುಗಲು ಹೆಚ್ಚು ಹೊತ್ತು ಬೇಡ. ಇನ್ನು ನಾವು ಬಿಸಾಡಿದ್ದರ ಪಾಡು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಹೊರತಂದ ವರದಿಯಂತೆ 2022ರ ಒಂದೇ ವರ್ಷ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದಕ್ಕೆ ದಾಖಲೆ ಇರುವುದು ಶೇ 22.3ಕ್ಕೆ ಮಾತ್ರ. ದಾಬಸ್‌ಪೇಟೆಯ ಇ-ಪರಿಸರದಂಥ ಅಧಿಕೃತ ಘಟಕಗಳು ಎರಡು ದಶಕದಿಂದ ಕೆಲಸ ಮಾಡುತ್ತಿವೆ. ಅಲ್ಲಿಗೆ ತಲುಪದ ತಂತಿಯನ್ನು ಸುಟ್ಟು ತಾಮ್ರ ತೆಗೆಯುವ ಕೈ ಯಾವುದೋ, ಆ ಹೊಗೆ ಕುಡಿಯುವ ಮಗು ಯಾವುದೋ. ನಮ್ಮ ಅಜ್ಞಾನದ ಬೆಲೆಯನ್ನು ಬೇರೊಬ್ಬರು ತೆರುವಾಗ ಅದು ಬರೀ ಅಜ್ಞಾನವಾಗಿ ಉಳಿಯುವುದಿಲ್ಲ.

ಇದಕ್ಕೆ ಮೊದಲ ಆಕ್ಷೇಪ ಶರಣರ ಕಡೆಯಿಂದಲೇ ಬರಬಹುದು. ಮಾಚಯ್ಯ ಬಟ್ಟೆ ಒಗೆದರು, ಚೌಡಯ್ಯ ದೋಣಿ ನಡೆಸಿದರು, ಹರಳಯ್ಯ ಪಾದರಕ್ಷೆ ಮಾಡಿದರು. ಎಲ್ಲರೂ ಎಲ್ಲವನ್ನೂ ಮಾಡಲಿಲ್ಲ. ಅವರವರ ಕಾಯಕ ಅವರವರಿಗೆ. ಗೀತೆಯ ಸ್ವಧರ್ಮದ ವಾದವನ್ನೂ ಇದಕ್ಕೆ ಜೋಡಿಸಬಹುದು. ನಾನೇ ಫೋನು ಬಿಚ್ಚುತ್ತ ಕೂತರೆ ಜಯನಗರದ ಕಾಂಪ್ಲೆಕ್ಸಿನಲ್ಲಿ, ಬಿಟಿಎಂ ಲೇಔಟಿನ ಅಡ್ಡರಸ್ತೆಯಲ್ಲಿ ರಿಪೇರಿ ಅಂಗಡಿ ಇಟ್ಟವನ ಅನ್ನವನ್ನು ಕಸಿದಂತಲ್ಲವೆ? ಆಕ್ಷೇಪ ತೂಕದ್ದೇ. ಆದರೆ ಮಾಡುವುದಕ್ಕೂ ನೋಡಿಕೊಳ್ಳುವುದಕ್ಕೂ ಇರುವ ಅಂತರವನ್ನು ಅದು ಮರೆಯುತ್ತದೆ. ದೋಣಿ ನಡೆಸುವುದು ಒಬ್ಬನ ಕಾಯಕ. ಹತ್ತಿ ಕೂತವನು ದೋಣಿಯಲ್ಲಿ ಹೇಗಿರಬೇಕೆಂದು ತಿಳಿದಿರುವುದು ಎಲ್ಲರ ಹೊಣೆ. ಮುಖ್ಯವಾದ ಇನ್ನೊಂದು ಮಾತಿದೆ. 'ಚಿಪ್ ಲೆವೆಲ್ ಸರ್ವಿಸ್' ಎಂದು ಬೋರ್ಡು ಹಾಕಿಕೊಂಡು, ಸೂಕ್ಷ್ಮದರ್ಶಕದ ಕೆಳಗೆ ಬಿಸಿಗಾಳಿಯಿಂದ ಬೆಸುಗೆ ಬಿಡಿಸಿ ಕಡಲೆಗಿಂತ ಚಿಕ್ಕ ಚಿಪ್ಪನ್ನು ಬದಲಿಸುವವನ ಕೌಶಲ ಎಂಥದ್ದೆಂದು ತಿಳಿಯುವುದು ತಾನೂ ಒಂದು ಸ್ಕ್ರೂ ಬಿಚ್ಚಿ ನೋಡಿದವನಿಗೆ. ಏನೂ ತಿಳಿಯದ ಗಿರಾಕಿಗೆ ಎರಡೇ ಭಾವ: ಇವನು ಮಂತ್ರವಾದಿ ಅಥವಾ ಇವನು ಕಳ್ಳ. ಸ್ವಲ್ಪ ತಿಳಿದವನು ಅವನಲ್ಲಿ ಕುಶಲಕರ್ಮಿಯನ್ನು ಕಾಣುತ್ತಾನೆ, ಕೈಚಳಕಕ್ಕೆ ತಕ್ಕ ಬೆಲೆಯನ್ನು ಗೊಣಗದೆ ಕೊಡುತ್ತಾನೆ. ಕಾಯಕಗಳ ನಡುವಿನ ಗೌರವ ಉಳಿಯಬೇಕಾದರೆ ಒಬ್ಬರ ಕೆಲಸದ ರುಚಿ ಇನ್ನೊಬ್ಬರಿಗೆ ತುಸುವಾದರೂ ಗೊತ್ತಿರಬೇಕು.

ಎರಡನೆಯ ಆಕ್ಷೇಪ ವೈರಾಗ್ಯದ್ದು. ವಸ್ತುಗಳ ಮೋಹ ಕಡಿಮೆ ಮಾಡಿಕೊಳ್ಳಿ ಎಂದು ಎಲ್ಲ ಧರ್ಮಗಳೂ ಹೇಳುವಾಗ, ಒಂದು ಫೋನಿನ ಧೂಳು ಒರೆಸಿ ಬ್ಯಾಟರಿಯ ಆರೋಗ್ಯ ವಿಚಾರಿಸುತ್ತ ಕೂರುವುದು ಮೋಹವನ್ನು ಹೆಚ್ಚಿಸಿಕೊಂಡಂತಲ್ಲವೆ? ಸರಳವಾಗಿ ಕಾಣುವ ಈ ವಾದ ಬಳಸಿ ಎಸೆಯುವವನನ್ನೇ ವಿರಾಗಿಯನ್ನಾಗಿ ಮಾಡಿಬಿಡುತ್ತದೆ. ಎಸೆಯುವುದು ತ್ಯಾಗವಲ್ಲ, ಎಸೆದವನ ಕೈಯಲ್ಲಿ ಹೊಸ ಪೆಟ್ಟಿಗೆ ಇರುತ್ತದೆ. ಆಯ್ದಕ್ಕಿ ಲಕ್ಕಮ್ಮನ ಕಥೆ ಇಲ್ಲಿ ನೆನಪಾಗಬೇಕು. ಗಂಡ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಚ್ಚಾದದ್ದನ್ನು ಅಲ್ಲೇ ಸುರಿದು ಬರಲು ಆಕೆ ಹೇಳಿದಳು. ಅಕ್ಕಿಯನ್ನು ತುಚ್ಛವಾಗಿ ಕಂಡು ಹೇಳಿದ ಮಾತಲ್ಲ ಅದು. ನೆಲಕ್ಕೆ ಬಿದ್ದ ಕಾಳನ್ನೂ ಆಯ್ದು ಬೇಯಿಸುವ ಮನೆ ಅವರದ್ದು. ಇರುವುದನ್ನು ಕೊನೆಯ ಕಾಳಿನವರೆಗೆ ಗೌರವಿಸುವುದು ಮತ್ತು ಬೇಡದ್ದನ್ನು ಮನೆಗೆ ತಾರದಿರುವುದು ಅಲ್ಲಿ ಒಂದೇ ಶೀಲದ ಎರಡು ಮುಖ. ಐದು ವರ್ಷದ ಫೋನನ್ನು ಏಳು ವರ್ಷ ನಡೆಸುವವರು ಆ ಶೀಲಕ್ಕೆ ಹತ್ತಿರದವರು. ಇದರಲ್ಲೂ ಅಹಂಕಾರಕ್ಕೆ ಎಡೆಯಿದೆ ಎಂಬುದನ್ನು ಒಪ್ಪುತ್ತೇನೆ: ಎಲ್ಲ ನಾನೇ ಮಾಡಿದೆ ಎಂಬ ಜಂಬ ಸ್ವಾವಲಂಬನೆಯ ನೆರಳಿನಂತೆ ಬರುತ್ತದೆ. ಆದರೆ ಯಂತ್ರ ಹೊಗಳಿಕೆಗೆ ಬಗ್ಗುವುದಿಲ್ಲ. ಒಂದು ಕನೆಕ್ಟರ್ ಸರಿಯಾಗಿ ಕೂರದಿದ್ದರೆ ಪರದೆ ಕಪ್ಪಾಗಿಯೇ ಇರುತ್ತದೆ. ಜಂಬ ಇಳಿಸುವ ಗುರು ಅಲ್ಲೇ ಇದ್ದಾನೆ.

ಮೂರನೆಯ ಆಕ್ಷೇಪ ರಾಜಕೀಯದ್ದು, ನನಗೆ ಎಲ್ಲಕ್ಕಿಂತ ಗಟ್ಟಿಯಾಗಿ ಕಾಣುವುದು ಇದೇ. ಫೋನನ್ನು ಅಂಟುಹಾಕಿ ಮುಚ್ಚಿದವನು ತಯಾರಕ. ಬೇರೆ ಸ್ಕ್ರೂಡ್ರೈವರ್ ಒಪ್ಪದ ಸ್ಕ್ರೂ ಹಾಕಿದವನು, ಹೊರಗಿನ ಬಿಡಿಭಾಗ ಹಾಕಿದರೆ ಎಚ್ಚರಿಕೆ ತೋರಿಸುವವನು ಅವನೇ. ಹಾಗಿರುವಾಗ ಬಳಸುವವನಿಗೆ ಧರ್ಮ ಬೋಧಿಸುವುದು ಅನ್ಯಾಯವಲ್ಲವೆ? ಈ ಮಾತಿನಲ್ಲಿ ಸತ್ಯವಿದೆ. ಯಂತ್ರವನ್ನು ತೆರೆಯಬಲ್ಲಂತೆ ಮಾಡುವುದು ಮಾಡುವವನ ಧರ್ಮ. ಗಾಂಧೀಜಿ ಇದನ್ನು ಷರತ್ತಾಗಿಯೇ ಬರೆಸಿದರು. ಅಖಿಲ ಭಾರತ ಚರಕಾ ಸಂಘ 1929ರಲ್ಲಿ ಸುಧಾರಿತ ಚರಕಕ್ಕೆ ಒಂದು ಲಕ್ಷ ರೂಪಾಯಿ ಬಹುಮಾನ ಘೋಷಿಸಿದಾಗ ನೂಲಿನ ಪ್ರಮಾಣವನ್ನಷ್ಟೇ ಕೇಳಲಿಲ್ಲ. ಬೆಲೆ 150 ರೂಪಾಯಿ ಮೀರಬಾರದು, ಇಪ್ಪತ್ತು ವರ್ಷ ನಡೆಯಬೇಕು, ವರ್ಷಕ್ಕೆ ಬಿಡಿಭಾಗಗಳ ಖರ್ಚು ಬೆಲೆಯ ಶೇ 5 ದಾಟಬಾರದು ಎಂದು ಕೇಳಿತು. ಯಂತ್ರಗಳನ್ನು ಟೀಕಿಸುತ್ತಿದ್ದ ಅದೇ ಗಾಂಧೀಜಿ 1924ರ ಸಂವಾದವೊಂದರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. ಮನೆಯವರೇ ಎಣ್ಣೆ ಬಿಟ್ಟು, ಬೆಲ್ಟು ಬಿಗಿದು ನಡೆಸಿಕೊಳ್ಳಬಹುದಾದ ಯಂತ್ರ ಅದು. ಈಗ ಕಾನೂನೂ ಆ ದಿಕ್ಕಿಗೆ ತಿರುಗುತ್ತಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಚೌಕಟ್ಟು ರೂಪಿಸಲು 2022ರಲ್ಲಿ ಸಮಿತಿ ಮಾಡಿ, ಫೋನು ಟ್ಯಾಬ್ಲೆಟ್ಟುಗಳನ್ನೂ ಅದರ ವ್ಯಾಪ್ತಿಗೆ ತಂದಿತು. ಯುರೋಪಿನ ಒಕ್ಕೂಟದಲ್ಲಿ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಸಣ್ಣ ಸಾಧನಗಳ ಬ್ಯಾಟರಿಯನ್ನು ಬಳಸುವವರೇ ತೆಗೆದು ಹಾಕುವಂತಿರಬೇಕು ಎಂಬ ನಿಯಮ 2027ರ ಫೆಬ್ರವರಿಯಿಂದ ಜಾರಿಗೆ ಬರಲಿದೆ. ಆದರೂ ಆಕ್ಷೇಪ ಅರ್ಧ ದೂರಕ್ಕೇ ನಿಲ್ಲುತ್ತದೆ. ಬಿಚ್ಚಲು ಮನಸ್ಸೇ ಇಲ್ಲದ ಗಿರಾಕಿಗಳಿದ್ದಾಗ ಮುಚ್ಚಿದ ಪೆಟ್ಟಿಗೆ ಮಾರುವುದು ಸುಲಭವಾಯಿತು. ಬಳಸುವವರು ಕೇಳದ ಹಕ್ಕು ಕಾಗದದ ಮೇಲೆಯೇ ಉಳಿಯುತ್ತದೆ.

ಅಪಾಯ ಮತ್ತು ವೇಳೆಯ ಮಾತನ್ನು ಬೇಗ ಮುಗಿಸಬಹುದು. ಉಬ್ಬಿದ ಬ್ಯಾಟರಿಯನ್ನು ಮನೆಯಲ್ಲಿ ಮುಟ್ಟಬಾರದು, ಚುಚ್ಚಲಂತೂ ಕೂಡದು, ಅದು ಹೊತ್ತಿಕೊಳ್ಳುತ್ತದೆ. ಕಂಪ್ಯೂಟರಿನ ಪವರ್ ಸಪ್ಲೈ ಡಬ್ಬಿಯನ್ನು ತೆರೆಯಬಾರದು, ಪ್ಲಗ್ ಕಿತ್ತ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರುತ್ತದೆ. ವಾರಂಟಿ ಇರುವ ಯಂತ್ರವನ್ನು ಬಿಚ್ಚುವ ಅವಸರ ಬೇಡ. ಎಲ್ಲಿ ಕೈ ಹಾಕಬಾರದೆಂಬುದು ಹೊಣೆಯ ಭಾಗವೇ, ಅದು ಗೊತ್ತಾಗುವುದೂ ಕೈ ಹಾಕಬಹುದಾದಲ್ಲಿ ಹಾಕಿ ಕಲಿತವರಿಗೆ. ವೇಳೆ ಎಲ್ಲಿದೆ ಎನ್ನುವವರಿಗೆ ಬೆಂಗಳೂರಿನ ದಕ್ಷಿಣದಂಚಿನ ಮನೆಗಳೇ ಉತ್ತರ ಹೇಳುತ್ತವೆ. ಟ್ಯಾಂಕರ್ ನೀರು, ಕೊಳವೆಬಾವಿ, ಸಂಪು, ತಾರಸಿಯ ತೊಟ್ಟಿಗಳ ಜೊತೆ ಬದುಕಿದವರು ಮೋಟರ್ ಯಾಕೆ ಎತ್ತುತ್ತಿಲ್ಲ, ಸಂಪು ಯಾವಾಗ ತೊಳೆಸಬೇಕು, ಯುಪಿಎಸ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಎಷ್ಟು ಹಾಕಬೇಕು ಎಂಬುದನ್ನು ಯಾವ ಕೋರ್ಸಿಗೂ ಹೋಗದೆ ಕಲಿತಿದ್ದಾರೆ. ತಾರಸಿಯ ಮೇಲೆ ಬಿದ್ದ ಮಳೆಗೆ ಮನೆಯೊಡೆಯನೇ ಹೊಣೆ ಎಂದು 2009ರಲ್ಲಿ ಕಾನೂನು ಮಾಡಿದಾಗ, ಅದನ್ನು ಹಿಡಿದಿಡುವ ಬಗೆಯನ್ನು ಜನರಿಗೆ ತೋರಿಸಿಕೊಡಲು ಜಲಮಂಡಳಿ ಜಯನಗರದಲ್ಲಿ ಒಂದು ಮಳೆಕೊಯ್ಲು ಉದ್ಯಾನವನ್ನೇ ಮಾಡಿತು. ನೀರಿನ ವಿಷಯದಲ್ಲಿ ನಾವು ಸ್ವೀಕರಿಸಿರುವ ಹೊಣೆಯನ್ನು ಮಾಹಿತಿಯ ವಿಷಯದಲ್ಲಿ ಸ್ವೀಕರಿಸಲಾರೆವು ಎನ್ನಲು ಕಾರಣ ಸಿಗುವುದಿಲ್ಲ. ಇದಕ್ಕೆಲ್ಲ ಇಂಗ್ಲಿಷು, ದುಡ್ಡು, ಓದು ಬೇಕು ಎನ್ನುವವರಿಗೂ ಹತ್ತಿರದಲ್ಲೇ ಸಮಾಧಾನವಿದೆ: ಬನ್ನೇರುಘಟ್ಟ ರಸ್ತೆ ಬದಿಯ ಗುರಪ್ಪನಪಾಳ್ಯದ ಸುದರ್ಶನ ಬಡಾವಣೆಯ ಬಡ ಮಕ್ಕಳು ಅಂಬೇಡ್ಕರ್ ಹೆಸರಿನ ಸಮುದಾಯ ಕಂಪ್ಯೂಟರ್ ಕೇಂದ್ರದಲ್ಲಿ, ಸ್ವತಂತ್ರ ತಂತ್ರಾಂಶ ಚಳವಳಿಯ ಕಾರ್ಯಕರ್ತರ ನೆರವಿನಿಂದ, ದಾನವಾಗಿ ಬಂದ ಹಳೆಯ ಯಂತ್ರಗಳ ಮೇಲೆಯೇ ಲಿನಕ್ಸ್ ಕಲಿತರು.

ಹಾಗಾಗಿ ಮಹಾನವಮಿಗೆ ನನ್ನದೊಂದು ಸಲಹೆ. ಪೂಜೆಯ ಹಿಂದಿನ ದಿನ, ಗಾಡಿ ತೊಳೆಯುವ ಹೊತ್ತಿಗೇ, ಮನೆಯ ಪ್ರತಿಯೊಂದು ಫೋನಿಗೂ ಕಂಪ್ಯೂಟರಿಗೂ ಒಂದು ಗಂಟೆ ಕೊಡಿ. ಫೋಟೊ ದಾಖಲೆಗಳ ನಕಲು ತೆಗೆಯಿರಿ, ಬೇಡದ ಆ್ಯಪ್ ಅಳಿಸಿ, ಅನುಮತಿಗಳನ್ನು ನೋಡಿ, ಬಾಕಿ ಇರುವ ಅಪ್‌ಡೇಟ್ ಹಾಕಿ, ಧೂಳು ತೆಗೆಯಿರಿ, ಡ್ರಾಯರಿನಲ್ಲಿ ಕೊಳೆಯುತ್ತಿರುವ ಹಳೆಯ ಫೋನಿನ ಮಾಹಿತಿ ಅಳಿಸಿ ಅದನ್ನು ಬೇರೆಯವರಿಗೋ ಅಧಿಕೃತ ಸಂಗ್ರಹ ಕೇಂದ್ರಕ್ಕೋ ಕೊಡಿ. ಮುಖ್ಯವಾದದ್ದು, ಅವರವರ ಫೋನಿನ ಕೆಲಸವನ್ನು ಅವರವರೇ ಮಾಡಲಿ. ಮನೆಗೊಬ್ಬ ಹುಡುಗ ಎಲ್ಲರ ಫೋನನ್ನೂ ಕಿತ್ತುಕೊಂಡು 'ಕೊಡಿ, ನಾನು ಮಾಡ್ತೀನಿ' ಎನ್ನುವುದು ಸೇವೆಯಂತೆ ಕಂಡರೂ ಅಮ್ಮನನ್ನು, ಅಜ್ಜನನ್ನು ಪರಾಧೀನತೆಯಲ್ಲೇ ಉಳಿಸುತ್ತದೆ. ಲಕ್ಕಮ್ಮನಿಗೆ, ನೂಲುತ್ತಿದ್ದ ಶರಣೆ ಕದಿರ ರೆಮ್ಮವ್ವೆಗೆ ತಮ್ಮದೇ ಕಾಯಕ, ತಮ್ಮದೇ ಹೊಣೆ ಇತ್ತು, ಗಂಡಂದಿರ ಮೂಲಕ ಬಂದದ್ದಲ್ಲ. ಹುಡುಗ ಪಕ್ಕದಲ್ಲಿ ಕೂತು ಬಾಯಲ್ಲಿ ಹೇಳಿಕೊಡಲಿ, ಬೆರಳು ಅಮ್ಮನದ್ದಿರಲಿ. ಆಯುಧಪೂಜೆ ಕಂಪನಿಯ ವಸ್ತುವಿಗೆ ಸಲ್ಲಿಸುವ ನಮಸ್ಕಾರವಾಗಬೇಕೆ, ತನ್ನ ಆಯುಧಕ್ಕೆ ತಾನು ಕೊಡುವ ಮಾತಾಗಬೇಕೆ ಎಂಬುದನ್ನು ಆ ಒಂದು ಗಂಟೆ ತೀರ್ಮಾನಿಸುತ್ತದೆ. ಮಸೆಯದ ಕುಡುಗೋಲನ್ನು ಪೂಜೆಗಿಡಲು ಒಕ್ಕಲಿಗನಿಗೆ ನಾಚಿಕೆಯಾಗುತ್ತಿತ್ತು. ನಮ್ಮ ಆಯುಧಗಳ ವಿಷಯದಲ್ಲಿ ಆ ನಾಚಿಕೆಯನ್ನು ನಾವೂ ಕಲಿಯಬೇಕಾಗಿದೆ.